ಬೆನ್ನಿ ಲಾವಾ ಮೈಸೂರಿನವನು

2007ರ ಆಗಸ್ಟ್ ತಿಂಗಳಲ್ಲಿ ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಕಾಣಿಸಿಕೊಂಡಿತು. ಸಪೂರ ದೇಹದ ಯುವಕನೊಬ್ಬ ಮೈಯಲ್ಲಿ ಮೂಳೆಯೇ ಇಲ್ಲದವನಂತೆ ಕುಣಿಯುತ್ತಿದ್ದ. ಪಕ್ಕದಲ್ಲಿ ನಾಯಕಿ, ಹಿಂದೆ ಸಾಲುಗಟ್ಟಿ ಹೆಜ್ಜೆ ಹಾಕುವ ಹುಡುಗ ಹುಡುಗಿಯರು. ನಮ್ಮ ಸಿನೆಮಾ ಹಾಡುಗಳಲ್ಲಿ ಇರಬೇಕಾದದ್ದೆಲ್ಲ ಅದರಲ್ಲಿತ್ತು. ಹೊಸತೆಂದರೆ ಪರದೆಯ ಕೆಳಗೆ ಒಂದರ ಹಿಂದೊಂದು ಬರುತ್ತಿದ್ದ ಇಂಗ್ಲಿಷ್ ಸಾಲುಗಳು. ಅವು ಹಾಡಿನ ಅನುವಾದವಾಗಿರಲಿಲ್ಲ. ಹಾಡಿನ ಭಾಷೆ ಒಂದಕ್ಷರವೂ ತಿಳಿಯದ ಅಮೆರಿಕನ್ ಕಿವಿಗೆ ಅದು ಇಂಗ್ಲಿಷಿನಲ್ಲಿ ಹೇಗೆ ಕೇಳಿಸಿತೋ ಹಾಗೆ ಬರೆದ ಸಾಲುಗಳಾಗಿದ್ದವು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಸಂಬಂಧವಿಲ್ಲ. ಕೆಲವು ಪೋಲಿ, ಕೆಲವು ಹುಚ್ಚು. ಆದರೆ ಓದುತ್ತಾ ಕೇಳಿದರೆ ಹಾಡುಗಾರ ನಿಜಕ್ಕೂ ಅದನ್ನೇ ಹಾಡುತ್ತಿದ್ದಾನೆ ಅನಿಸುತ್ತಿತ್ತು.

ಇದನ್ನು ಮಾಡಿದವನು 'ಬಫಲ್ಯಾಕ್ಸ್' ಎಂಬ ಹೆಸರಿನಲ್ಲಿ ವಿಡಿಯೋ ಹಾಕುತ್ತಿದ್ದ ಒಬ್ಬ ಅಮೆರಿಕನ್. ಮೂಲ ಹಾಡು 2000ದಲ್ಲಿ ತೆರೆಕಂಡ 'ಪೆಣ್ಣಿನ್ ಮನದೈ ತೊಟ್ಟು' ಎಂಬ ತಮಿಳು ಸಿನೆಮಾದ 'ಕಲ್ಲೂರಿ ವಾನಿಲ್'. ಎಸ್.ಎ. ರಾಜ್‌ಕುಮಾರ್ ಸಂಗೀತ. ಕುಣಿಯುತ್ತಿದ್ದವರು ಪ್ರಭುದೇವ, ಜತೆಗೆ ಜಯಾ ಸೀಲ್. ಹಾಡಿನಲ್ಲಿ ಬರುವ 'ನಿಲಾವೋ' ಎಂಬ ತಮಿಳು ಪದ, ಅಂದರೆ ಚಂದಿರನನ್ನು ಕುರಿತ ಮಾತು, ಆ ಅಮೆರಿಕನ್ನನ ಕಿವಿಯಲ್ಲಿ ಒಬ್ಬ ಮನುಷ್ಯನ ಹೆಸರಾಯಿತು: ಬೆನ್ನಿ ಲಾವಾ. ಮುಂದೆ ಪ್ರಪಂಚದ ನಾನಾ ಮೂಲೆಗಳಲ್ಲಿ ಜನ ಪ್ರಭುದೇವ ಅವರನ್ನು ಗುರುತಿಸಿದ್ದು ಈ ಹೆಸರಿನಿಂದ. ವಿಡಿಯೋಕ್ಕೆ ಕೊಟ್ಟ ಶೀರ್ಷಿಕೆಯಲ್ಲಿ ತಮಿಳೆಂಬ ಮಾತೇ ಇರಲಿಲ್ಲ. 'ಕ್ರೇಜಿ ಇಂಡಿಯನ್ ವಿಡಿಯೋ' ಎಂದಿತ್ತು. ಅಂದರೆ ಹುಚ್ಚು ಹಿಡಿದ ಭಾರತೀಯ ವಿಡಿಯೋ. ನೂರಾರು ಭಾಷೆಗಳ ದೇಶವೊಂದು ಒಂದೇ ಪದದಲ್ಲಿ ಮುಗಿದು ಹೋಯಿತು.

ಸತ್ಯ ಹೇಳಬೇಕೆಂದರೆ ನಾವೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗೆಳೆಯರನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿ ತೋರಿಸಿದೆವು. ಅವರೂ ನಕ್ಕರು. ನಾಲ್ಕೈದು ಸಲ ನೋಡಿದ ಮೇಲೆ ನಮಗೊಂದು ವಿಚಿತ್ರ ಸಂಗತಿ ಹೊಳೆಯಿತು. 'ಕಲ್ಲೂರಿ' ಎಂದರೆ ತಮಿಳಿನಲ್ಲಿ ಕಾಲೇಜು. 'ವಾನಿಲ್' ಎಂದರೆ ಬಾನಿನಲ್ಲಿ. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದನ್ನು ನಮಗೆ ಹೈಸ್ಕೂಲಿನಲ್ಲೇ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಕಾಲೇಜಿನ ಬಾನಿನಲ್ಲಿ ಮೂಡಿದ ಚಂದಿರನಿಗೆ ಒಬ್ಬ ಹುಡುಗಿಯನ್ನು ಹೋಲಿಸುವ ಹಾಡು ಅದು. ಸ್ವಲ್ಪ ಕಿವಿಗೊಟ್ಟಿದ್ದರೆ ನಮಗೆ ಅರ್ಧವಾದರೂ ಅರ್ಥವಾಗಬೇಕಾಗಿತ್ತು. ಆದರೆ ಪಕ್ಕದ ಮನೆಯ ಭಾಷೆಯನ್ನು ನಾವು ಕೇಳಿಸಿಕೊಳ್ಳಲೇ ಇಲ್ಲ. ಸಾವಿರಾರು ಮೈಲಿ ದೂರದವನೊಬ್ಬ ಕೆಳಗೆ ಏನು ಬರೆದನೋ ಅದನ್ನೇ ಕೇಳಿಸಿಕೊಂಡೆವು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಪೇಚು ಹೆಚ್ಚಾಗುತ್ತದೆ. ಬೆನ್ನಿ ಲಾವಾ ಹುಟ್ಟಿದ್ದು ಮೈಸೂರಿನಲ್ಲಿ, 1973ರಲ್ಲಿ. ತಂದೆ ನೃತ್ಯ ನಿರ್ದೇಶಕ ಸುಂದರ್. ಅವರ ಹೆಸರಿನ ಹಿಂದೆ ಇರುವ ಮೂಗೂರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲೂಕಿನ ಊರು. ಮದರಾಸಿನ ಚಿತ್ರರಂಗದಲ್ಲಿ ಹೆಸರು ಮಾಡಿದ ಕನ್ನಡಿಗ ಕುಟುಂಬ ಅದು. 2002ರಲ್ಲಿ ಕಾವೇರಿ ಜಗಳವನ್ನೇ ಕಥೆಯಾಗಿಸಿಕೊಂಡು ಬಂದ 'ಎಚ್2ಓ' ಎಂಬ ಕನ್ನಡ ಸಿನೆಮಾದಲ್ಲಿ ಉಪೇಂದ್ರ ಕನ್ನಡಿಗನಾದರೆ, ಪ್ರಭುದೇವ ತಮಿಳನ ಪಾತ್ರ ಮಾಡಿದ್ದರು. ಮೈಸೂರಿನಲ್ಲಿ ಹುಟ್ಟಿದವನು ಕನ್ನಡದಲ್ಲಿ ತಮಿಳನಾದ, ತಮಿಳಿನಲ್ಲಿ ತಾರೆಯಾದ, ಅಮೆರಿಕದಲ್ಲಿ ಬೆನ್ನಿ ಲಾವಾ ಆದ. ನಾವು ಯಾರನ್ನು ನೋಡಿ ನಕ್ಕೆವು ಎಂದು ಈಗ ಯೋಚಿಸಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಹಾಡಿನ ವಿಡಿಯೋಗಳನ್ನು ನೋಡಿ ತಮಾಷೆ ಮಾಡುವ ಪರಿಪಾಠಕ್ಕೆ ಒಂದು ಚರಿತ್ರೆಯಿದೆ. ಅದು ರಾಜ ಮಹಾರಾಜರ ಚರಿತ್ರೆಯಲ್ಲವಾದ್ದರಿಂದ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಆದರೆ ಯಾರು ಯಾರನ್ನು ನೋಡಿ ನಗುತ್ತಾರೆ, ಎಲ್ಲಿ ನಿಂತು ನಗುತ್ತಾರೆ ಎಂಬುದು ಸಣ್ಣ ವಿಷಯವೇನಲ್ಲ.

ಅಮೆರಿಕದಲ್ಲಿ ಎಂಟಿವಿ ಪ್ರಸಾರ ಶುರು ಮಾಡಿದ್ದು 1981ರ ಆಗಸ್ಟ್ 1ರಂದು. ಇಪ್ಪತ್ತನಾಲ್ಕು ಗಂಟೆಯೂ ಹಾಡಿನ ವಿಡಿಯೋಗಳನ್ನೇ ತೋರಿಸುವ ಚಾನೆಲ್ ಅದು. ಅಲ್ಲಿಯವರೆಗೆ ಕೇಳುವ ವಸ್ತುವಾಗಿದ್ದ ಹಾಡು ನೋಡುವ ವಸ್ತುವಾಯಿತು. ನೋಡುವ ವಸ್ತುವಾದ ಮೇಲೆ ಅದಕ್ಕೆ ವೇಷ ಬಂತು, ಗಾಂಭೀರ್ಯ ಬಂತು, ಹೊಗೆ ಬಂತು, ಗಾಳಿಗೆ ಹಾರುವ ಕೂದಲು ಬಂತು. ಇಷ್ಟೆಲ್ಲ ಬಂದ ಮೇಲೆ ಅಣಕಿಸುವವರು ಬಾರದಿರುತ್ತಾರೆಯೇ? 1983ರಲ್ಲಿ ಮೈಕಲ್ ಜಾಕ್ಸನ್‌ರ 'ಬೀಟ್ ಇಟ್' ವಿಡಿಯೋ ಬಂತು. ಬೀದಿ ಗುಂಪುಗಳ ಹೊಡೆದಾಟವನ್ನು ಕುಣಿತವಾಗಿಸಿದ ವಿಡಿಯೋ. ಮರುವರ್ಷವೇ 'ವಿಯರ್ಡ್ ಅಲ್' ಯಾಂಕೋವಿಕ್ ಎಂಬ ಹಾಸ್ಯಗಾರ ಅದೇ ಧಾಟಿಯಲ್ಲಿ 'ಈಟ್ ಇಟ್' ಎಂದು ಹಾಡಿದರು. ಹೊಡೆದಾಟದ ಜಾಗದಲ್ಲಿ ಊಟ ಬಂತು. ದೃಶ್ಯಕ್ಕೆ ದೃಶ್ಯ, ಹೆಜ್ಜೆಗೆ ಹೆಜ್ಜೆ ಅದೇ.

ಯಾಂಕೋವಿಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅಣಕವಾಡು ಬರೆಯುವ ಮುಂಚೆ ಮೂಲ ಹಾಡಿನವರ ಒಪ್ಪಿಗೆ ಕೇಳುವುದು ಅವರ ಪದ್ಧತಿ. ಮೈಕಲ್ ಜಾಕ್ಸನ್ ಸಂತೋಷದಿಂದಲೇ ಒಪ್ಪಿದ್ದರು. 1996ರಲ್ಲಿ ಮಾತ್ರ ಎಡವಟ್ಟಾಯಿತು. ಕೂಲಿಯೋ ಎಂಬ ರ್‍ಯಾಪ್ ಗಾಯಕನ ಹಾಡನ್ನು 'ಆಮಿಷ್ ಪ್ಯಾರಡೈಸ್' ಎಂದು ಅಣಕಿಸಿದಾಗ, ತಾನು ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲವೆಂದು ಕೂಲಿಯೋ ಸಿಟ್ಟಾದರು. ಕಾಲ ಕಳೆದಂತೆ ಇಬ್ಬರೂ ರಾಜಿಯಾದರು. ಆದರೆ ಆ ಹಾಡಿನಲ್ಲಿ ನಗೆಗೀಡಾದವರು ಕೂಲಿಯೋ ಅಲ್ಲ, ಆಮಿಷ್ ಜನ. ಕುದುರೆ ಗಾಡಿಯಲ್ಲಿ ಓಡಾಡುವ, ಮನೆಯಲ್ಲಿ ಟಿವಿ ಇಟ್ಟುಕೊಳ್ಳದ ಸಣ್ಣ ಕ್ರೈಸ್ತ ಸಮುದಾಯ ಅದು. ತಮ್ಮನ್ನು ಅಣಕಿಸಿದ ವಿಡಿಯೋವನ್ನು ನೋಡುವ ಟಿವಿಯೂ ಅವರಲ್ಲಿರಲಿಲ್ಲ. ಅವರ ಒಪ್ಪಿಗೆಯ ಪ್ರಶ್ನೆ ಆ ಜಗಳದಲ್ಲಿ ದೊಡ್ಡದಾಗಿ ಕೇಳಿಬರಲೇ ಇಲ್ಲ.

1993ರ ಮಾರ್ಚ್‌ನಲ್ಲಿ ಎಂಟಿವಿ ತನ್ನನ್ನೇ ಗೇಲಿ ಮಾಡಿಕೊಳ್ಳಲು ಆರಂಭಿಸಿತು. ಮೈಕ್ ಜಡ್ಜ್ ಎಂಬ ಕಲಾವಿದ ಸೃಷ್ಟಿಸಿದ 'ಬೀವಿಸ್ ಆ್ಯಂಡ್ ಬಟ್‌ಹೆಡ್' ಎಂಬ ಕಾರ್ಟೂನ್ ಕಾರ್ಯಕ್ರಮದಲ್ಲಿ ಇಬ್ಬರು ದಡ್ಡ ಹುಡುಗರು ಸೋಫಾದಲ್ಲಿ ಬಿದ್ದುಕೊಂಡು ಎಂಟಿವಿಯ ವಿಡಿಯೋಗಳನ್ನೇ ನೋಡುತ್ತಾ ಬಾಯಿಗೆ ಬಂದದ್ದು ಹೇಳುತ್ತಿದ್ದರು. ಇಬ್ಬರಿಗೂ ಧ್ವನಿ ಕೊಟ್ಟವರು ಜಡ್ಜ್ ಒಬ್ಬರೇ. ಈ ದಡ್ಡರ ಮಾತಿಗೆ ಬೆಲೆಯಿತ್ತು. ಅವರು ಮೆಚ್ಚಿದ 'ವೈಟ್ ಝಾಂಬಿ' ಎಂಬ ತಂಡದ ಕ್ಯಾಸೆಟ್, ಸಿಡಿಗಳ ಮಾರಾಟ ಏರಿತು. 'ವಿಂಗರ್' ಎಂಬ ಇನ್ನೊಂದು ತಂಡದ ಹೆಸರಿನ ಅಂಗಿಯನ್ನು ಎಲ್ಲರೂ ಗೋಳು ಹೊಯ್ದುಕೊಳ್ಳುವ ಪೆದ್ದು ಹುಡುಗನ ಪಾತ್ರಕ್ಕೆ ತೊಡಿಸಿದ್ದರಿಂದ ತಮ್ಮ ಹೆಸರೇ ಹಾಳಾಯಿತೆಂದು ಆ ತಂಡದವರು ದೂರಿದರು. 1996ರಲ್ಲಿ ವಿಎಚ್1 ಚಾನೆಲ್ 'ಪಾಪ್ ಅಪ್ ವಿಡಿಯೋ' ಎಂಬ ಕಾರ್ಯಕ್ರಮ ತಂದಿತು. ಹಾಡು ಓಡುತ್ತಿರುವಾಗಲೇ ಪರದೆಯ ಮೇಲೆ ಗುಳ್ಳೆಗಳು ಮೂಡಿ, ಆ ವಿಡಿಯೋದ ತೆರೆಮರೆಯ ಸಂಗತಿಗಳನ್ನು ಕುಹಕದ ಧಾಟಿಯಲ್ಲಿ ಹೇಳುತ್ತಿದ್ದವು. ಒಟ್ಟಿನಲ್ಲಿ ಇದೆಲ್ಲ ಮನೆಯೊಳಗಿನ ನಗು. ನಗುವವರು, ನಗೆಗೀಡಾದವರು, ನೋಡುವವರು ಹೆಚ್ಚುಕಡಿಮೆ ಒಂದೇ ಭಾಷೆಯವರು. ಅಣಕಿಸಿಕೊಂಡವನಿಗೆ ತಿರುಗಿ ಉತ್ತರ ಕೊಡುವ ಬಾಯಿಯೂ ಇತ್ತು, ವೇದಿಕೆಯೂ ಇತ್ತು.

ನಮ್ಮ ದೇಶದಲ್ಲಿ ಟಿವಿ ಪರದೆಯ ಮೇಲೆ ಹಾಡನ್ನು ಅಣಕಿಸುವುದಕ್ಕೆ ಎಂಟಿವಿಯೇ ಬರಬೇಕಾಗಿರಲಿಲ್ಲ. 1989ರಲ್ಲಿ ದೂರದರ್ಶನದಲ್ಲಿ ಬಂದ ಜಸ್ಪಾಲ್ ಭಟ್ಟಿಯವರ 'ಫ್ಲಾಪ್ ಶೋ'ವಿನಲ್ಲಿ ಪ್ರತಿ ಕಂತು ಮುಗಿಯುವುದು ಒಂದು ಸಿನೆಮಾ ಹಾಡಿನ ಅಣಕದೊಂದಿಗೆ. ಧಾಟಿ ಹಿಂದಿ ಸಿನೆಮಾದ್ದು. ಸಾಹಿತ್ಯ ಮಾತ್ರ ಲಂಚ, ಸುಳ್ಳು ಬಿಲ್ಲು, ಸರಕಾರಿ ಕಚೇರಿಗಳದ್ದು. ಅಲ್ಲಿ ಹಾಡು ಬರೀ ನೆಪವಾಗಿತ್ತು. ಏಟು ಬೀಳುತ್ತಿದ್ದದ್ದು ಅಧಿಕಾರಿಯ ಮೇಲೆ. 1994ರಲ್ಲಿ ಶುರುವಾದ ಚಾನೆಲ್ ವಿ, 1996ರಲ್ಲಿ ಬಂದ ಎಂಟಿವಿ ಇಂಡಿಯಾ ಬೇರೊಂದು ಬಗೆಯ ನಗುವನ್ನು ತಂದವು. ಚಾನೆಲ್ ವಿ ಸೃಷ್ಟಿಸಿದ 'ಕ್ವಿಕ್ ಗನ್ ಮುರುಗನ್' ನೆನಪಿರಬಹುದು. ಹಣೆಗೆ ನಾಮ, ಸೊಂಟಕ್ಕೆ ಪಿಸ್ತೂಲು, ಬಾಯಲ್ಲಿ ಮದರಾಸಿ ಇಂಗ್ಲಿಷ್. ಆತನನ್ನೇ ನಾಯಕನನ್ನಾಗಿಸಿ 2009ರಲ್ಲಿ ಸಿನೆಮಾವೂ ಬಂತು. ನಾವು ಅವನನ್ನು ಇಷ್ಟಪಟ್ಟೆವು ಎಂಬುದು ಸುಳ್ಳಲ್ಲ. ಆದರೆ ನಗುವಿನ ದಿಕ್ಕು ಬದಲಾಗಿತ್ತು. ಭಟ್ಟಿಯವರ ನಗು ಕೆಳಗಿನಿಂದ ಮೇಲಕ್ಕೆ ಹಾರುತ್ತಿತ್ತು. ಇದು ಉತ್ತರದ ಸ್ಟುಡಿಯೋದಿಂದ ದಕ್ಷಿಣದ ನಾಲಿಗೆಯ ಕಡೆಗೆ ಹರಿಯುತ್ತಿತ್ತು.

ಇದೇ ಹೊತ್ತಿಗೆ ದಲೇರ್ ಮೆಹಂದಿ ಒಂದು ಸ್ವಾರಸ್ಯದ ಕೆಲಸ ಮಾಡಿದರು. ಅವರ ವಿಡಿಯೋಗಳು ಓಡುವುದು ಅದರಲ್ಲಿ ಕುಣಿಯುವ ಚೆಂದದ ಹುಡುಗಿಯರಿಂದಾಗಿ ಎಂದು ವಿಮರ್ಶಕರು ಕುಟುಕುತ್ತಿದ್ದರು. 1998ರಲ್ಲಿ ಬಂದ 'ತುನಕ್ ತುನಕ್ ತುನ್' ವಿಡಿಯೋದಲ್ಲಿ ಅವರು ಒಬ್ಬ ಹುಡುಗಿಯನ್ನೂ ಇಟ್ಟುಕೊಳ್ಳಲಿಲ್ಲ. ತಾವೇ ನಾಲ್ವರಾಗಿ, ನಾಲ್ಕು ಬಣ್ಣದ ನಿಲುವಂಗಿ ತೊಟ್ಟು ಕುಣಿದರು. ಟೀಕೆಗೆ ಕೊಟ್ಟ ಉತ್ತರವೇ ತಮಾಷೆಯಾಗಿತ್ತು. ಮುಂದೆ ಇಂಟರ್ನೆಟ್ ಬಂದಾಗ ಪರದೇಶದವರು ಆ ವಿಡಿಯೋವನ್ನು ಕಂಡು ಬಿದ್ದು ಬಿದ್ದು ನಕ್ಕರು. ದಪ್ಪ ದೇಹ, ದೊಡ್ಡ ಪೇಟ, ಅರ್ಥವಿಲ್ಲದ ಹಾಡು ಎಂದರು. 'ತುನಕ್ ತುನಕ್' ಎಂಬುದು ಪಂಜಾಬಿನ ಒಂಟಿ ತಂತಿಯ ವಾದ್ಯ ಮಿಡಿದಾಗ ಬರುವ ಸದ್ದೆಂದು ಅವರಿಗೆ ತಿಳಿದಿರಲಿಲ್ಲ. ಆ ವಿಡಿಯೋದಲ್ಲಿ ದಲೇರ್ ತಮ್ಮನ್ನು ತಾವೇ ಮೊದಲು ಗೇಲಿ ಮಾಡಿಕೊಂಡಿದ್ದಾರೆಂಬುದೂ ತಿಳಿದಿರಲಿಲ್ಲ. ನಗಿಸಲೆಂದೇ ಮಾಡಿದ್ದನ್ನು ನೋಡಿ ನಕ್ಕು, ತಾವೇ ಜಾಣರೆಂದುಕೊಂಡರು.

ಹಾಡನ್ನು ತಪ್ಪಾಗಿ ಕೇಳಿಸಿಕೊಳ್ಳುವುದು ಮಾತ್ರ ಬಫಲ್ಯಾಕ್ಸ್ ಕಂಡುಹಿಡಿದದ್ದಲ್ಲ. ಮನುಷ್ಯ ಹಾಡಲು ಕಲಿತ ದಿನದಿಂದ ಅದು ಇದ್ದಿರಬೇಕು. ಇಂಗ್ಲಿಷಿನಲ್ಲಿ ಅದಕ್ಕೆ 'ಮಾಂಡೆಗ್ರೀನ್' ಎಂಬ ಹೆಸರು ಬಂದದ್ದು 1954ರಲ್ಲಿ. ಸಿಲ್ವಿಯಾ ರೈಟ್ ಎಂಬ ಲೇಖಕಿ ತನ್ನ ಬಾಲ್ಯದ ಪ್ರಸಂಗವೊಂದನ್ನು ಬರೆದರು. ತಾಯಿ ಓದಿ ಹೇಳುತ್ತಿದ್ದ ಹಳೆಯ ಲಾವಣಿಯೊಂದರಲ್ಲಿ, ಕೊಲೆಯಾದ ಸರದಾರನನ್ನು ಹಸಿರಿನ ಮೇಲೆ ಮಲಗಿಸಿದರು ಎಂಬ ಮಾತು ಬರುತ್ತದೆ. ಪುಟ್ಟ ಹುಡುಗಿಯ ಕಿವಿಯಲ್ಲಿ ಅದು ಸರದಾರನ ಜತೆಗೇ ಸತ್ತ 'ಲೇಡಿ ಮಾಂಡೆಗ್ರೀನ್' ಎಂಬ ಹೆಂಗಸಾಯಿತು. ಇಲ್ಲದ ಆ ಹೆಂಗಸಿಗಾಗಿ ಹುಡುಗಿ ಮರುಗಿದಳು. ನಮ್ಮಲ್ಲೂ ಬಿನಾಕಾ ಗೀತಮಾಲಾ ಕೇಳಿ ಹಿಂದಿ ಹಾಡುಗಳನ್ನು ಬಾಯಿಪಾಠ ಮಾಡಿದ ತಲೆಮಾರಿಗೆ ಇಂಥ ಎಷ್ಟೋ ಲೇಡಿಯರು ಗೊತ್ತು. ಅರ್ಥ ತಿಳಿಯದಿದ್ದರೂ ತಿಳಿದಷ್ಟೇ ಪ್ರೀತಿಯಿಂದ ಹಾಡಿದರು. ಅದು ತಪ್ಪು ಕೇಳ್ಮೆಯಾದರೂ ಹಾಡಿನ ಮೇಲೆ ಮಾಡಿದ ಲೇವಡಿಯಾಗಿರಲಿಲ್ಲ.

ಜಪಾನಿನವರು ಇದನ್ನೇ ಟಿವಿ ಕಾರ್ಯಕ್ರಮವಾಗಿಸಿದರು. 'ತಮೋರಿ ಕ್ಲಬ್' ಎಂಬ ನಡುರಾತ್ರಿಯ ಕಾರ್ಯಕ್ರಮದಲ್ಲಿ 1992ರಿಂದ 'ಸೊರಾಮಿಮಿ ಅವರ್' ಎಂಬ ಭಾಗ ಬರುತ್ತಿತ್ತು. ಇಂಗ್ಲಿಷ್ ಮೊದಲಾದ ಪರಭಾಷೆಯ ಹಾಡುಗಳಲ್ಲಿ ಜಪಾನಿ ಮಾತಿನಂತೆ ಕೇಳಿಸುವ ತುಣುಕುಗಳನ್ನು ವೀಕ್ಷಕರು ಬರೆದು ಕಳುಹಿಸಬೇಕು. ಆ ತಪ್ಪು ಅರ್ಥಕ್ಕೆ ತಕ್ಕಂತೆ ಒಂದು ಪುಟ್ಟ ವಿಡಿಯೋ ಮಾಡಿ ತೋರಿಸುತ್ತಾರೆ. ಚೆನ್ನಾಗಿದ್ದರೆ ಟವೆಲ್ಲೋ ಟಿ-ಶರ್ಟೋ ಬಹುಮಾನ. ಕಿವಿ ಗುಗ್ಗೆ ತೆಗೆಯುವ ಕಡ್ಡಿಯೂ ಒಂದು ಬಹುಮಾನವಾಗಿತ್ತೆಂದರೆ ಅವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ತಪ್ಪು ಇರುವುದು ಹಾಡುವವನ ಬಾಯಲ್ಲಲ್ಲ, ಕೇಳುವವನ ಕಿವಿಯಲ್ಲಿ ಎಂದು ಒಪ್ಪಿಕೊಂಡಂತೆ ಅದು. 'ತಮೋರಿ ಕ್ಲಬ್' 2023ರಲ್ಲಿ ಮುಗಿಯಿತು.

ಹಾಲೆಂಡಿನವರ ಕಥೆ ಇನ್ನೂ ದೂರ ಹೋಗುತ್ತದೆ. ಮೈಕಲ್ ಜಾಕ್ಸನ್‌ರ 1982ರ 'ಥ್ರಿಲ್ಲರ್' ಆಲ್ಬಮ್ಮಿನ ಮೊದಲ ಹಾಡಿನ ಕೊನೆಯಲ್ಲಿ ಬರುವ ಕೆಲವು ಶಬ್ದಗಳು ಡಚ್ಚರ ಕಿವಿಗೆ 'ಮಮ್ಮಿ, ಸೇಬಿನ ರಸ' ಎಂದು ಕೇಳಿಸಿದವು. ಹಾಡು ತಪ್ಪಾಗಿ ಕೇಳುವುದಕ್ಕೆ ಅಲ್ಲಿ ಅದೇ ಹೆಸರು ಬಿತ್ತು. ನಿಜಕ್ಕೂ ಆ ಶಬ್ದಗಳು ಎಲ್ಲಿಯವು? ಕ್ಯಾಮರೂನಿನ ಮನು ದಿಬಾಂಗೋ ಎಂಬ ಸ್ಯಾಕ್ಸಫೋನ್ ವಾದಕ 1972ರಲ್ಲಿ ಮಾಡಿದ 'ಸೋಲ್ ಮಕೋಸಾ' ಹಾಡಿನವು. ಮಕೋಸಾ ಎಂಬುದು ಅವರ ನಾಡಿನ ಕುಣಿತದ ಸಂಗೀತದ ಹೆಸರು. ತಮ್ಮನ್ನು ಕೇಳದೆ ಬಳಸಿಕೊಂಡದ್ದಕ್ಕೆ ದಿಬಾಂಗೋ ತಕರಾರು ತೆಗೆದರು. ಕೊನೆಗೆ ಹಣ ಕೊಟ್ಟು ರಾಜಿ ಮಾಡಿಕೊಳ್ಳಲಾಯಿತು. ಆಫ್ರಿಕಾದ ಮಾತು ಅಮೆರಿಕದಲ್ಲಿ ಬರೀ ಸದ್ದಾಯಿತು. ಆ ಸದ್ದು ಯುರೋಪಿನಲ್ಲಿ ಸೇಬಿನ ರಸವಾಯಿತು.

ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ಅದು ಬಂದ ಮೇಲೆ ಅಣಕಕ್ಕೆ ಸ್ಟುಡಿಯೋ ಬೇಕಾಗಲಿಲ್ಲ, ಸಂಪಾದಕ ಬೇಕಾಗಲಿಲ್ಲ, ಒಪ್ಪಿಗೆಯಂತೂ ಬೇಡವೇ ಬೇಡ. ಜಾಕ್ಸನ್‌ರ 'ಥ್ರಿಲ್ಲರ್' ವಿಡಿಯೋ 1983ರ ಕೊನೆಗೆ ಬಂದಿತ್ತು. 1985ರಲ್ಲಿ ಚಿರಂಜೀವಿ ನಟಿಸಿದ 'ದೊಂಗ' ಎಂಬ ತೆಲುಗು ಸಿನೆಮಾದಲ್ಲಿ ಅದರ ಧಾಟಿಯ ಒಂದು ಹಾಡಿತ್ತು. ಸಮಾಧಿಗಳಿಂದೆದ್ದು ಬರುವ ಹೆಣಗಳು, ಕೆಂಪು ಅಂಗಿ ಎಲ್ಲವೂ ಇದ್ದವು. ಆಂಧ್ರದ ಹಳ್ಳಿ ಪಟ್ಟಣಗಳ ಟೆಂಟುಗಳಲ್ಲಿ ಜನ ಅದನ್ನು ಶಿಳ್ಳೆ ಹೊಡೆದು ನೋಡಿದರು. ಇಪ್ಪತ್ತು ವರ್ಷಗಳ ಬಳಿಕ ಅದು 'ಇಂಡಿಯನ್ ಥ್ರಿಲ್ಲರ್' ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಮರಳಿತು. ಅದಕ್ಕೂ ತಪ್ಪು ಕೇಳ್ಮೆಯ ಇಂಗ್ಲಿಷ್ ಸಾಲುಗಳು ಅಂಟಿಕೊಂಡವು. ಬಂದೂಕಿನ ಗುಂಡು ಹಾರಿಸುವ 'ಗೋಲಿಮಾರ್' ಅಲ್ಲಿ 'ಗರ್ಲಿ ಮ್ಯಾನ್', ಅಂದರೆ ಹೆಣ್ಣಿಗ, ಆಯಿತು. ತೆಲುಗರ ಮೆಗಾಸ್ಟಾರ್‌ಗೆ ಹೀಗೊಂದು ಬಿರುದು ಬಂದಿರುವುದು ಅಭಿಮಾನಿ ಸಂಘಗಳಿಗೆ ಆಗ ಗೊತ್ತಾಗಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಭಯವಾಗುತ್ತದೆ.

ಈ ಕೆಳಗಿನ ಸಾಲುಗಳಿಗೆ ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ? ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ, ಕಣ್ಣಿನಿಂದಲೂ ಕೇಳುತ್ತೇವೆ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. 'ಬ' ಎಂಬ ಧ್ವನಿಯನ್ನು ಕೇಳಿಸಿ, ಅದೇ ಹೊತ್ತಿಗೆ 'ಗ' ಎನ್ನುವ ತುಟಿಗಳ ಚಿತ್ರ ತೋರಿಸಿದರೆ, ಹೆಚ್ಚಿನವರಿಗೆ ಕೇಳಿಸುವುದು 'ಡ'. ಕಣ್ಣು ಕಂಡದ್ದು ಕಿವಿಯ ಮೇಲೆ ಸವಾರಿ ಮಾಡುತ್ತದೆ. ತುಟಿಗಳ ಚಿತ್ರವೇ ಇಷ್ಟು ಮಾಡುವುದಾದರೆ ಬರೆದ ಅಕ್ಷರ ಸುಮ್ಮನಿರುತ್ತದೆಯೇ? ಅಸ್ಪಷ್ಟವಾದ ಸದ್ದಿನ ಕೆಳಗೆ ಸ್ಪಷ್ಟವಾದ ಸಾಲು ಬರೆದರೆ ಮಿದುಳು ಆ ಸಾಲಿಗೇ ಶರಣಾಗುತ್ತದೆ. ಒಮ್ಮೆ ಓದಿದ ಮೇಲೆ ಬೇರೆ ರೀತಿ ಕೇಳಿಸಿಕೊಳ್ಳುವುದು ಕಷ್ಟ. ಬೆನ್ನಿ ಲಾವಾನನ್ನು ನೋಡಿದ ಮೇಲೆ ನಮಗೂ 'ನಿಲಾವೋ' ಎಂಬ ಚಂದಿರ ಕೇಳಿಸದೆ ಹೋದದ್ದು ಇದಕ್ಕೇ.

ನಗುವಿಗೆ ಬೆಲೆ ತೆರುವವರೂ ಇರುತ್ತಾರೆ. 2011ರಲ್ಲಿ ಅಮೆರಿಕದ ರೆಬೆಕಾ ಬ್ಲ್ಯಾಕ್ ಎಂಬ ಹದಿಮೂರು ವರ್ಷದ ಹುಡುಗಿಯ 'ಫ್ರೈಡೇ' ಎಂಬ ಹಾಡನ್ನು ಇಡೀ ಇಂಟರ್ನೆಟ್ಟೇ ಲೇವಡಿ ಮಾಡಿತು. ಹಾಡು ಚೆನ್ನಾಗಿರಲಿಲ್ಲ, ಒಪ್ಪೋಣ. ಆದರೆ ಲೇವಡಿ ಕೊಲೆ ಬೆದರಿಕೆಯವರೆಗೆ ಹೋಗಿ ಪೊಲೀಸರು ತನಿಖೆ ಮಾಡಬೇಕಾಯಿತು. ಆಕೆ ಗಟ್ಟಿಗಿತ್ತಿ. ಹತ್ತು ವರ್ಷ ಕಳೆದು, 2021ರಲ್ಲಿ, ಅದೇ ಹಾಡನ್ನು ತಾನೇ ಹೊಸದಾಗಿ ಹಾಡಿ ನಕ್ಕಳು. ಕರಾಚಿಯ ತಾಹೆರ್ ಶಾ ಅವರ 'ಐ ಟು ಐ' (2013), 'ಏಂಜಲ್' (2016) ವಿಡಿಯೋಗಳಿಗೆ ನಮ್ಮ ದೇಶದವರೂ ಅವರ ದೇಶದವರೂ ಪೈಪೋಟಿಯಲ್ಲಿ ನಕ್ಕರು. ಗಡಿಯ ಆಚೆ ಈಚೆಯ ಜನ ಇಷ್ಟು ಒಗ್ಗಟ್ಟಾಗಿದ್ದು ಅಪರೂಪ. ಆದರೆ ಅದೇ 2016ರ ಕೊನೆಯಲ್ಲಿ, ಕೊಲೆ ಬೆದರಿಕೆಗಳಿಂದಾಗಿ ಶಾ ದೇಶ ಬಿಟ್ಟು ಹೋಗಿದ್ದಾರೆಂದು ಅವರ ವ್ಯವಸ್ಥಾಪಕರು ಹೇಳಿದರು. 2022ರಲ್ಲಿ ಢಾಕಾದ ಪೊಲೀಸರು ಹೀರೊ ಆಲಂ ಎಂಬ ಬಡ ಕುಟುಂಬದ ಹಾಡುಗಾರನನ್ನು ಠಾಣೆಗೆ ಕರೆಸಿದರು. ಟಾಗೋರ್ ಮತ್ತು ನಜ್ರುಲರ ಹಾಡುಗಳನ್ನು ಇನ್ನು ಹಾಡುವುದಿಲ್ಲವೆಂದು ತನ್ನಿಂದ ಮುಚ್ಚಳಿಕೆ ಬರೆಸಿಕೊಂಡರೆಂದು ಆತ ಹೊರಬಂದು ಪತ್ರಕರ್ತರಿಗೆ ಹೇಳಿದ. ಆತ ಅಪಸ್ವರದಲ್ಲಿ ಹಾಡುತ್ತಾನೆಂದು ನಕ್ಕವರೆಲ್ಲ ಪೊಲೀಸರ ಪಕ್ಷದವರೇನಲ್ಲ. ಆದರೂ ಲಾಠಿಗೆ ದಾರಿ ಮಾಡಿಕೊಟ್ಟದ್ದು ಆ ನಗುವೇ ಅಲ್ಲವೇ ಎಂದು ಕೇಳಬೇಕಾಗುತ್ತದೆ.

ದೂರದ ಮಾತು ಸಾಕು, ನಮ್ಮ ಮನೆಗೆ ಬರೋಣ. ಬಫಲ್ಯಾಕ್ಸ್ ಹಾಡಿನ ಕೆಳಗೆ ಬರೆದಂತೆ ನಮ್ಮಲ್ಲಿ ಜನರ ಕೆಳಗೆ ಬರೆಯುತ್ತಾರೆ. ಕನ್ನಡ ಸಿನೆಮಾದಲ್ಲಿ, ನಾಟಕದಲ್ಲಿ, ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಮುಸ್ಲಿಮ್ ಪಾತ್ರವೊಂದು ಬಂತೆಂದರೆ ಅದರ ಬಾಯಿಂದ 'ನಮ್ದೂಕೆ ನಿಮ್ದೂಕೆ' ಹೊರಡಲೇಬೇಕು. ತಲೆಗೆ ಟೋಪಿ, ಕಣ್ಣಿಗೆ ಸುರುಮ, ಬಾಯಿಗೆ ನಮ್ದೂಕೆ. ಜನ ನಗುತ್ತಾರೆ. ನಾವೂ ನಕ್ಕದ್ದುಂಟು. ದಖನಿ ಉರ್ದುವನ್ನು ಮನೆಮಾತಾಗಿ ಉಳ್ಳ ಹಿರಿಯರು ಕನ್ನಡ ಮಾತಾಡುವಾಗ ಅವರ ಮಾತಿಗೆ ತನ್ನದೇ ಬನಿ ಇರುವುದು ನಿಜ. ಆದರೆ ಮಂಗಳೂರಿನ ಬ್ಯಾರಿಯ ಮನೆಮಾತು ಬೇರೆ. ಭಟ್ಕಳದ ನವಾಯತರದು ಬೇರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಕ್ಕಪಕ್ಕದವರಂತೆಯೇ ಅಲ್ಲಿನ ಕನ್ನಡವನ್ನಾಡುವ ಮುಸ್ಲಿಮರ ಮಾತು ಬೇರೆ. ಇಷ್ಟು ಧ್ವನಿಗಳ ಕೆಳಗೆ ಸಿನೆಮಾದವರು ಒಂದೇ ಸಾಲು ಬರೆದುಬಿಟ್ಟರು. ಪದೇ ಪದೇ ಓದಿದ ಪ್ರೇಕ್ಷಕನಿಗೆ ಎದುರಿಗಿರುವವನು ಏನು ಹೇಳಿದರೂ ಅದೇ ಕೇಳಿಸತೊಡಗಿತು. "ನೀವು ಮುಸ್ಲಿಮರಾಗಿಯೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!" ಎಂಬ ಮೆಚ್ಚುಗೆಯನ್ನು ಕೇಳದ ಮುಸ್ಲಿಮ್ ಕನ್ನಡಿಗರು ವಿರಳ. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ. ಅವರು ಕೆಳಗಿನ ಸಾಲನ್ನು ಓದಿ ಬಂದಿರುತ್ತಾರೆ, ಅಷ್ಟೇ.

ಇದೇ ನಾಡಿನಲ್ಲಿ 1978ರಲ್ಲಿ 'ನಿತ್ಯೋತ್ಸವ' ಎಂಬ ಧ್ವನಿಸುರುಳಿ ಬಂತು. ಮೈಸೂರು ಅನಂತಸ್ವಾಮಿ ಸ್ವರ ಹಾಕಿದ ಆ ಹಾಡುಗಳು ಕನ್ನಡ ಭಾವಗೀತೆಯನ್ನು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ತಲುಪಿಸಿದವು. ರಾಜ್ಯೋತ್ಸವದ ದಿನ ಮೈಕಿನಲ್ಲಿ ಆ ಹಾಡು ಕೇಳದ ಬೀದಿಯಿಲ್ಲ. ಅದನ್ನು ಬರೆದವರು ಕೆ.ಎಸ್. ನಿಸಾರ್ ಅಹಮದ್. ಬೆಳಿಗ್ಗೆ ಅವರ ಕನ್ನಡವನ್ನು ಹಾಡಿ, ಸಂಜೆ ಸಿನೆಮಾ ಮಂದಿರದಲ್ಲಿ 'ನಮ್ದೂಕೆ'ಗೆ ನಗುವ ನಮ್ಮ ಕಿವಿಗಳಿಗೆ ಇವೆರಡೂ ಒಂದೇ ಸಮುದಾಯದ ಧ್ವನಿಗಳೆಂಬುದು ಹೊಳೆಯುವುದೇ ಇಲ್ಲ.

ಹಾಗಾದರೆ ನಗಲೇಬಾರದೇ? ಹಾಗೆ ಹೇಳುವವರ ಸಂಗ ನಮಗೆ ಬೇಡ. ಕನ್ನಡದಲ್ಲಿ ತಪ್ಪು ಅರ್ಥಗಳದ್ದೇ ಒಂದು ನಿಘಂಟು ಇದೆ, ನಾ. ಕಸ್ತೂರಿಯವರ 'ಅನರ್ಥಕೋಶ'. ಪದಗಳನ್ನು ಒಡೆದು, ತಿರುಚಿ, ಇಲ್ಲದ ಅರ್ಥ ಹಚ್ಚಿ ನಗಿಸುವ ಪುಸ್ತಕ. ಕಸ್ತೂರಿಯವರು ಹುಟ್ಟಿದ್ದು 1897ರಲ್ಲಿ, ಕೇರಳದ ತೃಪ್ಪೂಣಿತ್ತುರದಲ್ಲಿ. ಮೈಸೂರಿಗೆ ಅಧ್ಯಾಪಕರಾಗಿ ಬಂದ ಮೇಲೆ ಕನ್ನಡ ಕಲಿತವರು. ಬೇರೆ ಭಾಷೆಯಿಂದ ಬಂದವರು ಕನ್ನಡದ ಪದಗಳನ್ನು ಕಿವಿಗೊಟ್ಟು ಕೇಳಿ, ಅವುಗಳ ಕೀಲುಗಳನ್ನೆಲ್ಲ ಅರಿತು, ಆಮೇಲೆ ಕಳಚಿ ಆಟವಾಡಿದರು. ಬಫಲ್ಯಾಕ್ಸ್ ಮಾಡಿದ್ದೂ ಅನರ್ಥಕೋಶವೇ. ಆದರೆ ಅರ್ಥವನ್ನು ಬಲ್ಲವನು ಮಾಡುವ ಅನರ್ಥ ಬೇರೆ, ಅರ್ಥವಿದೆಯೆಂದೇ ಅರಿಯದವನು ಮಾಡುವ ಅನರ್ಥ ಬೇರೆ. ಮೊದಲನೆಯದರಲ್ಲಿ ನಾವು ನಮ್ಮನ್ನೇ ನೋಡಿ ನಗುತ್ತೇವೆ. ಎರಡನೆಯದರಲ್ಲಿ ನಮ್ಮನ್ನು ಯಾರೋ ನೋಡಿ ನಗುತ್ತಾರೆ, ನಾವೂ ಅವರ ಜತೆ ಸೇರಿಕೊಳ್ಳುತ್ತೇವೆ.

2011ರ ನವೆಂಬರ್‌ನಲ್ಲಿ ಧನುಷ್ ಹಾಡಿದ 'ಕೊಲವೆರಿ' ಬಂದಾಗ ಈ ಆಟಕ್ಕೆ ಒಂದು ತಿರುವು ಸಿಕ್ಕಿತು. ಇಂಗ್ಲಿಷ್ ಪದಗಳಿಗೆ ತಮಿಳಿನ ಬಾಲ ಅಂಟಿಸಿ, ವ್ಯಾಕರಣಕ್ಕೆ ಕೈ ಮುಗಿದು ಹಾಡಿದ ಹಾಡು. ಈ ಸಲ ಮುರಿದದ್ದು ಇಂಗ್ಲಿಷಿನ ಸೊಂಟ, ಮುರಿದವರು ತಮಿಳರು. ಪ್ರಪಂಚವೇ ತಾಳ ಹಾಕಿತು. ಮರುವರ್ಷ ಕೊರಿಯಾದ ಸೈ ಎಂಬ ಗಾಯಕನ 'ಗಂಗ್ನಮ್ ಸ್ಟೈಲ್' ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೋ ಆಯಿತು. ಕುದುರೆ ಸವಾರಿಯ ಆ ಕುಣಿತವನ್ನು ಕಂಡು ಎಲ್ಲರೂ ನಕ್ಕರು. ಗಂಗ್ನಮ್ ಎಂಬುದು ಸೋಲ್ ನಗರದ ಶ್ರೀಮಂತರ ಬಡಾವಣೆ, ಅಲ್ಲಿನ ಜಂಬವನ್ನೇ ಆ ಹಾಡು ಗೇಲಿ ಮಾಡುತ್ತಿತ್ತು ಎಂಬುದು ನಕ್ಕವರಲ್ಲಿ ಎಷ್ಟು ಜನಕ್ಕೆ ತಿಳಿದಿತ್ತೋ! ಪೆಟ್ಟು ತಿಂದವರ ಪಕ್ಕದಲ್ಲೇ ಕುಳಿತು, ಪೆಟ್ಟು ಯಾರಿಗೆ ಬಿತ್ತೆಂದು ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದ ಹಾಗೆ.

'ತಮಾಷೆ' ಎಂಬ ನಮ್ಮ ಪದ ಅರಬ್ಬಿ ಮೂಲದ್ದು. ಪಾರಸಿಯ ಮೂಲಕ ನಮ್ಮ ಭಾಷೆಗಳಿಗೆ ಬಂತು. ಅರಬ್ಬಿಯಲ್ಲಿ ಅದರ ಬೇರಿನಲ್ಲಿರುವ ಅರ್ಥ ಜತೆಯಾಗಿ ನಡೆಯುವುದು, ಅಡ್ಡಾಡುವುದು. ಪಾರಸಿಗೆ ಬಂದಾಗ ಅಡ್ಡಾಡುತ್ತಾ ನೋಡುವುದು, ನೋಟ ಎಂದಾಯಿತು. ಕನ್ನಡಕ್ಕೆ ಬರುವಷ್ಟರಲ್ಲಿ ನಗೆಚಾಟಿಕೆಯಾಯಿತು. ನಡಿಗೆ ಹೋಯಿತು, ಜತೆ ಹೋಯಿತು, ನಗು ಉಳಿಯಿತು. ಪದ ಸವೆದದ್ದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಜತೆಗೆ ನಾಲ್ಕು ಹೆಜ್ಜೆ ನಡೆದವನು ಆಮೇಲೆ ಕೀಟಲೆ ಮಾಡಿದರೆ ಯಾರಿಗೂ ನೋಯುವುದಿಲ್ಲ ಎಂಬುದನ್ನಷ್ಟೇ ಅದು ನೆನಪಿಸುತ್ತದೆ.

ಈ ಬರಹಕ್ಕಾಗಿ ಬೆನ್ನಿ ಲಾವಾನ ವಿಡಿಯೋವನ್ನು ಇನ್ನೊಮ್ಮೆ ಹುಡುಕಿ ನೋಡಿದೆವು. ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಪರದೆಯ ಕೆಳಭಾಗಕ್ಕೆ ಅಂಗೈ ಅಡ್ಡ ಹಿಡಿದು ಮತ್ತೆ ಮೊದಲಿನಿಂದ ಹಾಕಿದೆವು. ಮೊದಲ ಅರ್ಧ ನಿಮಿಷ ಆ ಇಂಗ್ಲಿಷ್ ಸಾಲುಗಳೇ ಕಿವಿಯಲ್ಲಿ ಗುಂಯ್‌ಗುಟ್ಟಿದವು. ಆಮೇಲೆ ಮೆಲ್ಲನೆ ಒಂದೊಂದೇ ತಮಿಳು ಪದ ಮೇಲಕ್ಕೆ ಬಂತು. ಬಾನು ಬಂತು, ಚಂದಿರ ಬಂದ. ಮೈಸೂರಿನ ಹುಡುಗ ಎಷ್ಟು ಚೆನ್ನಾಗಿ ಕುಣಿಯುತ್ತಿದ್ದಾನೆಂಬುದು ಆಗ ಕಾಣಿಸಿತು.